ಕಿನ್ನರಿ ಬಾರಿಸಿದ್ದು ನಾನೇ

ಆನ್‌ಲೈನ್ ಪೋಕರ್ ಮೇಜು. ನನ್ನ ಕೈಯಲ್ಲಿ ಎಕ್ಕ, ರಾಜ. ಮೂರು ಬಿಗ್ ಬ್ಲೈಂಡ್‌ಗೆ ಏರಿಸಿದೆ. (ಬಿಗ್ ಬ್ಲೈಂಡ್ ಅಂದರೆ ಎಲೆ ನೋಡುವ ಮುಂಚೆಯೇ ಒಬ್ಬ ಹಾಕಲೇಬೇಕಾದ ಬೆಟ್. ಇಲ್ಲಿನ ಲೆಕ್ಕವೆಲ್ಲ ಅದರಲ್ಲೇ.) ನಾಲ್ಕು ಜನ ಕಾಲ್ ಮಾಡಿದರು, ಅಂದರೆ ಅಷ್ಟೇ ಚಿಪ್ ಹಾಕಿ ಉಳಿದರು. ಫ್ಲಾಪ್‌ನಲ್ಲಿ, ಅಂದರೆ ಮೇಜಿನ ಮೇಲೆ ಎಲ್ಲರಿಗೂ ಸೇರಿ ಬಿಚ್ಚುವ ಮೊದಲ ಮೂರು ಎಲೆಯಲ್ಲಿ, ರಾಜ, ಒಂಬತ್ತು, ನಾಲ್ಕು. ಮೂರೂ ಬೇರೆ ಬೇರೆ ಜಾತಿ. ಇದಕ್ಕಿಂತ ಒಳ್ಳೆಯ ಫ್ಲಾಪ್ ಕೇಳುವುದು ದುರಾಸೆ. ಪಾಟ್‌ನಲ್ಲಿ, ಅಂದರೆ ಎಲ್ಲರೂ ಹಾಕಿದ ಚಿಪ್‌ಗಳ ರಾಶಿಯಲ್ಲಿ, 15 ಇತ್ತು, 10 ಬೆಟ್ ಮಾಡಿದೆ. ಮೂವರು ಎಲೆ ಎಸೆದರು, ಒಬ್ಬ ಉಳಿದ. ನಾಲ್ಕನೆಯ ಎಲೆ, ಟರ್ನ್‌ನಲ್ಲಿ ಗುಲಾಮ. 25 ಹಾಕಿದೆ. ಅವನು ಒಂದು ಕ್ಷಣವೂ ಯೋಚಿಸದೆ ಕಾಲ್ ಒತ್ತಿದ. ಐದನೆಯ, ಕೊನೆಯ ಎಲೆ, ರಿವರ್‌ನಲ್ಲಿ ಆರು ಬಿತ್ತು. ಯಾರಿಗೂ ಬೇಡದ ಎಲೆ ಅಂದುಕೊಂಡು ಉಳಿದಿದ್ದ 62ನ್ನೂ ಮುಂದೆ ತಳ್ಳಿದೆ. ಮತ್ತೆ ಕಾಲ್. ಅವನು ತೋರಿಸಿದ್ದು ಒಂಬತ್ತು, ಆರು. ನನ್ನದು ರಾಜನ ಒಂದೇ ಜೋಡಿ, ಅವನದು ಎರಡು ಜೋಡಿ.

ಚಾಟ್‌ನಲ್ಲಿ ಬರೆದೆ: "ಒಂಬತ್ತು ಆರು ಹಿಡ್ಕೊಂಡು ಇಷ್ಟು ದೂರ ಹೇಗಪ್ಪಾ ಬಂದೆ?" ಉತ್ತರವಾಗಿ ಒಂದು ನಗುವ ಮುಖ ಬಂತು. ಅಷ್ಟೇ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ, ನಗುವವರು ನಗಬಹುದು. ಅದು ಉಚಿತ ಚಿಪ್‌ಗಳ ಮೇಜು. ಆ ಚಿಪ್‌ಗೆ ಬೆಲೆಯೇ ಇಲ್ಲ. ಮುಗಿದರೆ ಮತ್ತೆ ಕೊಡುತ್ತಾರೆ. ಆದರೂ ಅವತ್ತು ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಆ ಆರು, ಆ ನಗುವ ಮುಖ. ಕಳೆದದ್ದು ದುಡ್ಡಲ್ಲ ಅಂದಮೇಲೆ ನೋಯುತ್ತಿದ್ದದ್ದು ಏನು? ದುಡ್ಡಿನ ಮೇಜಾಗಿದ್ದರೆ ತಪ್ಪನ್ನು ದುಡ್ಡಿನ ತಲೆಗೆ ಕಟ್ಟಿ ಸುಮ್ಮನಾಗುತ್ತಿದ್ದೆನೇನೋ. ಇಲ್ಲಿ ಆ ನೆಪವೂ ಇರಲಿಲ್ಲ.

ಮೊದಲು ಲೆಕ್ಕ ಮಾಡಿದೆ. ಸಿಟ್ಟು ಬಂದಾಗ ನಾನು ಮಾಡುವುದು ಅದನ್ನೇ. ಟರ್ನ್ ಬಿದ್ದಾಗ ಅವನನ್ನು ಕಾಪಾಡುವ ಎಲೆ ಐದೇ ಐದು: ಎರಡು ಒಂಬತ್ತು, ಮೂರು ಆರು. ನಮ್ಮಿಬ್ಬರ ಕೈಯಲ್ಲಿದ್ದ ನಾಲ್ಕು, ಮೇಜಿನ ಮೇಲಿದ್ದ ನಾಲ್ಕು ಬಿಟ್ಟರೆ ಉಳಿಯುವುದು 44 ಎಲೆ. ಅಂದರೆ ಸುಮಾರು ಒಂಬತ್ತು ಸಲಕ್ಕೆ ಒಂದು ಸಲ ಅವನು ಗೆಲ್ಲುತ್ತಾನೆ. 60 ಇದ್ದ ಪಾಟ್‌ಗಾಗಿ ಅವನು 25 ಕೊಟ್ಟ. ಗೆದ್ದಾಗಲೆಲ್ಲ ರಿವರ್‌ನಲ್ಲಿ ನನ್ನ 62 ಕೂಡ ಅವನಿಗೇ ಸಿಗುತ್ತದೆ ಅಂತ ಇಟ್ಟುಕೊಂಡರೂ, ಆ ಒಂದು ಕಾಲ್‌ನಿಂದ ಅವನಿಗೆ ಸರಾಸರಿ 8 ಬಿಗ್ ಬ್ಲೈಂಡ್ ನಷ್ಟ. ಎಲೆ ಬೀಳದಿದ್ದಾಗ ಅವನು ರಿವರ್‌ನಲ್ಲಿ ಬಿಟ್ಟುಕೊಡುತ್ತಾನೆ ಅಂತ ಲೆಕ್ಕ ಹಿಡಿದರೆ ಇಷ್ಟು. ಅವನು ಬಿಟ್ಟುಕೊಡುವ ಪೈಕಿ ಅಲ್ಲ, ಆದ್ದರಿಂದ ನಷ್ಟ ಇನ್ನೂ ಜಾಸ್ತಿ.

ಹಾಗಾದರೆ ನನಗೆ ಬೇಕಿದ್ದದ್ದೇನು? ಅವನು ಟರ್ನ್‌ನಲ್ಲಿ ಎಲೆ ಎಸೆಯಬೇಕಿತ್ತು ಅಂತಲಾ? ಎಸೆದಿದ್ದರೆ ನನ್ನ ಲಾಭವೇ ಕಡಿಮೆ ಆಗುತ್ತಿತ್ತು. ನನಗೆ ಚಿಪ್ ಕೊಡಲು ಬಂದವನ ಮೇಲೆ ನಾನು ಕೂಗಾಡುತ್ತಿದ್ದೆ.

ಪೋಕರ್ ಆಡುವ ಯಾರನ್ನು ಕೇಳಿದರೂ ಇದೇ ಸಮಾಧಾನ ಹೇಳುತ್ತಾರೆ. ಸರಿಯಾದ ಸಮಾಧಾನವೇ. ಆದರೆ ಅದರಿಂದ ನನ್ನ ನಿದ್ದೆ ವಾಪಸ್ ಬರಲಿಲ್ಲ. ನೋವು ಚಿಪ್‌ನದಾಗಿದ್ದರೆ ಬರುತ್ತಿತ್ತು.

ನನಗೆ ನಿಧಾನವಾಗಿ ಹೊಳೆದದ್ದು ಇದು. ಪೋಕರ್‌ನಲ್ಲಿ ಪ್ರತಿ ಬೆಟ್ಟೂ ಒಂದು ಮಾತು. ಮೊದಲು ಏರಿಸಿದಾಗ "ನನ್ನ ಹತ್ತಿರ ಒಳ್ಳೆಯ ಎಲೆ ಇದೆ" ಅಂದೆ. ಫ್ಲಾಪ್‌ನಲ್ಲಿ "ಈ ರಾಜ ನನಗೆ ಬಂತು" ಅಂದೆ. ಟರ್ನ್‌ನಲ್ಲಿ "ಈಗಲೂ ನಾನೇ ಮುಂದೆ, ಬಿಟ್ಟುಬಿಡು" ಅಂದೆ. ಶುರುವಿನಿಂದ ಕೊನೆವರೆಗೆ ಸರಿಯಾಗಿ ಕಟ್ಟಿದ ಕಥೆ. ಮೂರು ವರ್ಷ ಕಲಿತು ಕಟ್ಟಿದ ಕಥೆ. ಅವನು ಅದರ ಒಂದು ಅಕ್ಷರವನ್ನೂ ಕೇಳಲಿಲ್ಲ. ಅವನ ಹತ್ತಿರ ಒಂದು ಜೋಡಿ ಒಂಬತ್ತು ಇತ್ತು. ಜೋಡಿ ಇದ್ದರೆ ಕಾಲ್ ಮಾಡುವುದು. ಅವನ ಪೋಕರ್ ಅಲ್ಲಿಗೆ ಮುಗಿಯಿತು. ನನಗೆ ನೋವಾಗಿದ್ದು ಸೋತದ್ದಕ್ಕಲ್ಲ, ನನ್ನ ಮಾತಿಗೆ ಕಿವಿಯೇ ಇಲ್ಲದೆ ಹೋದದ್ದಕ್ಕೆ.

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತಾರಲ್ಲ, ಹಾಗೆ. ಆ ಗಾದೆಯನ್ನು ನಾವು ಯಾವಾಗಲೂ ಕೋಣವನ್ನು ಬೈಯಲು ಬಳಸುತ್ತೇವೆ. ಕೋಣ ಏನು ತಪ್ಪು ಮಾಡಿತು? ಅದು ತನ್ನ ಪಾಡಿಗೆ ಮೇಯುತ್ತಿತ್ತು. ಕಿನ್ನರಿ ಹೊತ್ತುಕೊಂಡು ಅದರ ಮುಂದೆ ಹೋಗಿ ಕೂತವನು ಯಾರು?

ಇದು ತಲೆಗೆ ಹೋದ ಮೇಲೆ ನನ್ನ ಆಟದಿಂದ ಮೊದಲು ಬಿದ್ದು ಹೋದದ್ದು ಬ್ಲಫ್. ಬ್ಲಫ್ ಅಂದರೆ ಸುಳ್ಳು ಕಥೆ. ಸುಳ್ಳಿಗೂ ಕೇಳುವವರು ಬೇಕು. ಪಾಟ್‌ನಲ್ಲಿ 20 ಇದೆ, ನಾನು 10 ಬೆಟ್ ಮಾಡಿ ಬ್ಲಫ್ ಮಾಡುತ್ತೇನೆ ಅಂದುಕೊಳ್ಳಿ. ಎದುರಿನವನು ಮೂರಕ್ಕೆ ಒಂದು ಸಲ ಎಲೆ ಎಸೆದರೆ ನನಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅವನು ಹತ್ತಕ್ಕೆ ಒಂದೇ ಸಲ ಎಸೆಯುವವನಾದರೆ? ಪ್ರತಿ ಬ್ಲಫ್‌ಗೂ ಸರಾಸರಿ 7 ಬಿಗ್ ಬ್ಲೈಂಡ್ ಕೈಬಿಟ್ಟು ಹೋಗುತ್ತದೆ. ನಾನು ಹಿಂದಿನ ಆಟಗಳನ್ನು ತೆಗೆದು ನೋಡಿದೆ. ಕಾಲ್ ಮಾಡುವುದನ್ನೇ ಕಸುಬು ಮಾಡಿಕೊಂಡ ಒಬ್ಬನ ಮೇಲೆ ಒಂದೇ ವಾರದಲ್ಲಿ ಹನ್ನೊಂದು ಸಲ ಬ್ಲಫ್ ಮಾಡಿದ್ದೆ. ಒಂದೂ ಗೆದ್ದಿರಲಿಲ್ಲ. ಹನ್ನೊಂದನೆಯದು ಯಾಕೆ ಮಾಡಿದೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಈ ಸಲವಾದರೂ ಕೇಳುತ್ತಾನೆ ಅನ್ನುವ ಆಸೆ ಇರಬೇಕು.

ಇಲ್ಲೊಂದು ಮಾತು. 2007ರಲ್ಲಿ ನಾರ್ವೆಯ ಆನೆಟ್ ಒಬ್ರೆಸ್ಟಾಡ್ ಅನ್ನುವ ಹುಡುಗಿ 180 ಜನ ಆಡಿದ ಒಂದು ಆನ್‌ಲೈನ್ ಟೂರ್ನಿ ಗೆದ್ದಳು. ತನ್ನ ಎಲೆಗಳನ್ನು ನೋಡದೆ. ಪರದೆ ಮೇಲೆ ಎಲೆ ಕಾಣುವ ಜಾಗವನ್ನು ಮುಚ್ಚಿಕೊಂಡು ಆಡಿದಳು, ಇಡೀ ಆಟದಲ್ಲಿ ಒಂದೇ ಸಲ ಇಣುಕಿ ನೋಡಿದ್ದಾಗಿ ಆಮೇಲೆ ಹೇಳಿದಳು. ಮೊದಲ ಸಲ ಇದನ್ನು ಓದಿದಾಗ ಮಂತ್ರ ಮಾಡಿದ ಹಾಗೆ ಅನ್ನಿಸಿತ್ತು. ಈಗ ಬೇರೆಯದೇ ಕಾಣುತ್ತದೆ. ಅವಳ ಬೆಟ್‌ಗಳನ್ನು ಕೇಳಿಸಿಕೊಂಡು, ಹೆದರಿ, ಎಲೆ ಎಸೆಯುವವರು ಆ ಮೇಜುಗಳಲ್ಲಿ ಸಾಕಷ್ಟು ಇದ್ದರು. ನಾನು ಆಡುವ ಉಚಿತ ಮೇಜಿಗೆ ಅವಳು ಬಂದು ಎಲೆ ಮುಚ್ಚಿಕೊಂಡು ಕೂತರೆ ಹತ್ತು ನಿಮಿಷದಲ್ಲಿ ಚಿಪ್ ಖಾಲಿ. ಎಲೆ ನೋಡಿಕೊಂಡು ಕೂತರೆ ನಮ್ಮೆಲ್ಲರದ್ದೂ ಖಾಲಿ, ಅದು ಬೇರೆ ಮಾತು.

ಏನೇ ಹಿಡಿದರೂ ಕಾಲ್ ಮಾಡುತ್ತಲೇ ಇರುವವರನ್ನು ನಾವು "ಏನು ಮಾಡ್ತಾರೋ ಹೇಳೋಕಾಗಲ್ಲ" ಅನ್ನುತ್ತೇವೆ. ನಾನೂ ಅನ್ನುತ್ತಿದ್ದೆ. ಒಂದು ತಿಂಗಳು ಟಿಪ್ಪಣಿ ಬರೆದೆ. ಕೊನೆಗೆ ಎಲೆ ತೋರಿಸಿದಾಗ ಮಾತ್ರ ಬರೆಯುವುದು: ಏನು ತೋರಿಸಿದ, ಎಲ್ಲಿ ಕಾಲ್ ಮಾಡಿದ, ಎಲ್ಲಿ ಏರಿಸಿದ. ನನ್ನ ಊಹೆ ಬೇಡ, ಬೈಗುಳವೂ ಬೇಡ. (ಮೊದಲ ವಾರದ ಟಿಪ್ಪಣಿಗಳಲ್ಲಿ ಬೈಗುಳ ಇತ್ತು. ಅಳಿಸಿದೆ.) ತಿಂಗಳ ಕೊನೆಯಲ್ಲಿ ಓದಿದಾಗ ಆಶ್ಚರ್ಯ ಕಾದಿತ್ತು. ಇವರ ಎಲೆ ಊಹಿಸಲು ಆಗುವುದಿಲ್ಲ ಅನ್ನುವುದು ನಿಜ. ಆದರೆ ನಡೆ? ಅದನ್ನು ಊಹಿಸುವುದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. ಕಾಲ್ ಮಾಡುವವನು ಕಾಲ್ ಮಾಡುತ್ತಾನೆ. ಇವತ್ತೂ, ನಾಳೆಯೂ, 5 ಹಾಕಿದರೂ, 15 ಹಾಕಿದರೂ.

ಚೆನ್ನಾಗಿ ಆಡುವವನದು ಉಲ್ಟಾ. ಅವನ ಎಲೆಯನ್ನು ಸುಮಾರಾಗಿ ಅಂದಾಜು ಮಾಡಬಹುದು, ಮುಂದಿನ ನಡೆ ಗೊತ್ತಾಗುವುದಿಲ್ಲ. ನಿಜವಾಗಿ ಹೆದರಬೇಕಾದದ್ದು ಅವನಿಗೆ. ನಾನು ಹೆದರುತ್ತಿದ್ದದ್ದು ಇವನಿಗೆ.

ಎಲೆ ಯಾಕೆ ಗೊತ್ತಾಗುವುದಿಲ್ಲ ಅನ್ನುವುದಕ್ಕೆ ಒಂದು ಲೆಕ್ಕ. 52 ಎಲೆಯಿಂದ ಎರಡನ್ನು 1326 ಬಗೆಯಲ್ಲಿ ಕೊಡಬಹುದು. ನೂರಕ್ಕೆ ಇಪ್ಪತ್ತು ಕೈ ಆಡುವ ಬಿಗಿ ಆಟಗಾರನಾದರೆ ಅವನ ಹತ್ತಿರ ಇರಬಹುದಾದದ್ದು ಸುಮಾರು 265 ಜೊತೆ. ನೂರಕ್ಕೆ ಅರವತ್ತು ಆಡುವ ಸಡಿಲ ಆಟಗಾರನಾದರೆ 800ರ ಹತ್ತಿರ. ಈ ಲೆಕ್ಕವನ್ನೇ ಆನ್‌ಲೈನ್ ಆಟಗಾರರು ವಿಪಿಐಪಿ ಅನ್ನುತ್ತಾರೆ. ಕಡ್ಡಾಯದ ಬ್ಲೈಂಡ್ ಬಿಟ್ಟು, ತಾನಾಗಿಯೇ ಚಿಪ್ ಹಾಕಿ ಒಳಗೆ ಬಂದದ್ದು ನೂರಕ್ಕೆ ಎಷ್ಟು ಸಲ ಅಂತ. ಬಿಗಿ ಆಟಗಾರನ ಎದುರು ರಾಜ, ಏಳು, ಎರಡು ಬಿದ್ದ ಫ್ಲಾಪ್ ನಿಶ್ಚಿಂತೆಯದು. ಏಳು-ಎರಡು ಹಿಡಿದು ಅವನು ಬರುವುದಿಲ್ಲ. ಇವನು ಬರುತ್ತಾನೆ. ಬಂದು ಎರಡು ಜೋಡಿ ತೋರಿಸುತ್ತಾನೆ. ಆ ಒಂದು ಸಲ ನಮಗೆ ವರ್ಷಗಟ್ಟಲೆ ನೆನಪಿರುತ್ತದೆ. ಏಳು-ಎರಡು ಹಿಡಿದು ಬಂದು, ಏನೂ ಸಿಗದೆ, ಚಿಪ್ ಕೊಟ್ಟು ಹೋದ ನೂರು ಸಲ ನಮಗೆ ಕಾಣುವುದೇ ಇಲ್ಲ. ಅವನು ಎಲೆ ಎಸೆದಾಗ ಅದು ಮುಚ್ಚಿರುತ್ತದೆ ಅಲ್ವಾ? ನಾವು ನೋಡುವುದು ಅವನ ಗೆಲುವನ್ನು ಮಾತ್ರ.

ಈಗ ನಿಜವಾಗಿ ಕಷ್ಟದ ಭಾಗ. ಸಡಿಲ ಆಟಗಾರ ಒಬ್ಬನೇ ಇದ್ದರೆ ಸುಲಭ. ಮೇಜಿನ ತುಂಬ ಅವರೇ ಇದ್ದರೆ ಆಟವೇ ಬೇರೆಯಾಗುತ್ತದೆ. ಕೈಯಲ್ಲಿ ಜೋಡಿ ಎಕ್ಕ ಇದೆ, ಎದುರಿಗೆ ಒಬ್ಬ, ಅವನದು ಯಾವುದೋ ಎರಡು ಎಲೆ. ಕೊನೆವರೆಗೆ ಹೋದರೆ ನೂರಕ್ಕೆ 85 ಸಲ ನಾನು ಗೆಲ್ಲುತ್ತೇನೆ. ಇಬ್ಬರಾದರೆ 73. ಮೂವರಾದರೆ 64. ನಾಲ್ವರಾದರೆ 56. ಐವರಾದರೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಜೋಡಿ ಎಕ್ಕ, ಆಟದ ಅತಿ ದೊಡ್ಡ ಕೈ, ಐದು ಜನ ಏನೇನೋ ಹಿಡಿದು ಕೂತರೆ ಸೋಲುವುದೇ ಸ್ವಲ್ಪ ಜಾಸ್ತಿ. ಅದೂ 221 ಸಲಕ್ಕೆ ಒಂದು ಸಲ ಬರುವ ಕೈ. ಆನ್‌ಲೈನ್‌ನಲ್ಲಿ ಒಂದು ಮೇಜಿನಲ್ಲಿ ಗಂಟೆಗೆ ಎಪ್ಪತ್ತು ಕೈ ಆಡಿದರೆ ಮೂರು ಗಂಟೆಗೊಮ್ಮೆ. ಮೂರು ಗಂಟೆ ಕಾದು, ಎಕ್ಕ ಬಂದು, ಒಬ್ಬ ಐದು-ಮೂರು ಹಿಡಿದು ನೇರಸಾಲು (ಒಂದರ ಹಿಂದೊಂದು ಬರುವ ಐದು ಎಲೆ) ಮಾಡಿಕೊಂಡು ಹೋದ ಅಂದರೆ ಹೊಟ್ಟೆ ಉರಿಯದೆ ಇರುತ್ತದಾ?

ನಾನು ಈ ಅಂಕಿಗಳನ್ನು ಬಹಳ ದಿನ ತಲೆಕೆಳಗಾಗಿ ಓದಿದೆ. 56 ಅಂದರೆ ಗೆಲುವು ಕಡಿಮೆಯಾಯಿತು ಅಂತ ಓದಿದೆ. ಇನ್ನೊಂದು ಕಡೆಯಿಂದ ನೋಡಿದರೆ, ಐದು ಜನರ ಪಾಟ್‌ನಲ್ಲಿ ನಾನು ಹಾಕಿದ್ದು ಐದರಲ್ಲಿ ಒಂದು ಪಾಲು, ಗೆಲ್ಲುವುದು ಅರ್ಧಕ್ಕಿಂತ ಜಾಸ್ತಿ ಸಲ. ಒಬ್ಬನ ಎದುರು 10 ಹಾಕಿ 85ರ ಲೆಕ್ಕದಲ್ಲಿ ಗೆದ್ದರೆ ಸರಾಸರಿ 7 ಲಾಭ. ನಾಲ್ವರ ಎದುರು 10 ಹಾಕಿ 56ರ ಲೆಕ್ಕದಲ್ಲಿ ಗೆದ್ದರೆ 18 ಲಾಭ. ಸೋಲುವ ಸಲಗಳು ಹೆಚ್ಚು, ಲಾಭವೂ ಹೆಚ್ಚು. ಎರಡೂ ಒಟ್ಟಿಗೇ ಬರುತ್ತವೆ. ಮನಸ್ಸಿಗೆ ಮೊದಲನೆಯದು ಮಾತ್ರ ತಟ್ಟುತ್ತದೆ.

ಇನ್ನೊಂದು ತಪ್ಪು ಕಂಡಿತು, ಇದು ಸ್ವಲ್ಪ ನಾಚಿಕೆಯದು. ಆಟೀನಿನ ಎರಡು ಎಲೆ ಹಿಡಿದು, ಫ್ಲಾಪ್‌ನಲ್ಲಿ ಇನ್ನೆರಡು ಬಿದ್ದ ಮೇಲೆ ಐದನೆಯ ಆಟೀನಿಗೆ ಕಾಯುತ್ತಿದ್ದ (ಒಂದೇ ಜಾತಿಯ ಐದು ಎಲೆ ಅಂದರೆ ದೊಡ್ಡ ಕೈ) ಒಬ್ಬನನ್ನು ನಾನು ದಡ್ಡ ಅಂದಿದ್ದೆ. ಪಾಟ್‌ನಲ್ಲಿ 30 ಇತ್ತು. ನಾನು ಹುಷಾರಿಯಿಂದ 10 ಬೆಟ್ ಮಾಡಿದ್ದೆ. ನಡುವೆ ಒಬ್ಬ ಕಾಲ್ ಮಾಡಿದ. ಈಗ ಕಾಯುತ್ತಿದ್ದವನ ಮುಂದೆ 50 ಇದೆ, ಕೊಡಬೇಕಾದದ್ದು 10. ಐದಕ್ಕೆ ಒಂದು. ಮುಂದಿನ ಎಲೆಯಲ್ಲೇ ಅವನಿಗೆ ಆಟೀನು ಬೀಳುವ ಸಾಧ್ಯತೆ 47ರಲ್ಲಿ 9. ಬೀಳದ 38ಕ್ಕೆ ಬೀಳುವ 9, ಅಂದರೆ ಅವನಿಗೆ ನಾಲ್ಕೂಕಾಲಕ್ಕೆ ಒಂದು ಸಿಕ್ಕರೆ ಸಾಕಿತ್ತು. ಅವನ ಕಾಲ್ ಸರಿಯಾಗಿಯೇ ಇತ್ತು. ಅವನು ಈ ಲೆಕ್ಕ ಮಾಡಿರಲಿಕ್ಕಿಲ್ಲ, ಆದರೂ ಸರಿ. ಆ ಬೆಲೆ ಅವನಿಗೆ ಕೊಟ್ಟವನು ನಾನು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಆಯಿತು.

ಹಾಗಾಗಿ ಬೆಟ್‌ನ ಗಾತ್ರ ಬದಲಾಯಿಸಿದೆ. ಮೂರಕ್ಕೆ ಏರಿಸಿದರೆ ನಾಲ್ವರು ಬರುತ್ತಾರೆ. ಆರಕ್ಕೆ ಏರಿಸಿದರೂ ಇಬ್ಬರು ಮೂವರು ಬರುತ್ತಾರೆ. ಬೆಲೆ ನೋಡದೆ ಕೊಳ್ಳುವವರಿಗೆ ಬೆಲೆ ಇಳಿಸಿ ಮಾರುವುದು ಯಾವ ಜಾಣತನ? ಗಾಳಿ ಬಂದಾಗ ತೂರಿಕೊಳ್ಳಬೇಕು. ಒಳ್ಳೆಯ ಕೈ ಇದ್ದಾಗ ಪಾಟ್‌ನ ಮುಕ್ಕಾಲು, ಕೆಲವೊಮ್ಮೆ ಪೂರ್ತಿ. ಮೂರು ಸಲವೂ. ಉಪಾಯದ ಆಟ ಇಲ್ಲ, ಬಲೆ ಬೀಸುವುದು ಇಲ್ಲ. ದೊಡ್ಡ ಕೈ ಇಟ್ಟುಕೊಂಡು ಸಪ್ಪಗೆ ಚೆಕ್ ಮಾಡಿ (ಏನೂ ಹಾಕದೆ ಸರದಿ ದಾಟಿಸಿ) ಅವನು ಬೆಟ್ ಮಾಡಲಿ ಅಂತ ಕಾಯುವುದು ಹಳೆಯ ರೋಗ. ಅವನು ಬೆಟ್ ಮಾಡುವವನಲ್ಲ, ಕಾಲ್ ಮಾಡುವವನು. ಕಾಲ್ ಮಾಡಬೇಕಾದರೆ ಬೆಟ್ ಮಾಡುವವರು ಯಾರಾದರೂ ಬೇಕಲ್ಲ.

ಬಹಳ ಜನ ಲಾಭ ಬಿಡುವುದು ಮಧ್ಯಮ ಕೈಗಳಲ್ಲಿ. ಎರಡನೇ ದೊಡ್ಡ ಜೋಡಿ ಇದ್ದರೆ ರಿವರ್‌ನಲ್ಲಿ ನಾವು ಚೆಕ್ ಮಾಡಿ ಸುಮ್ನೆ ಎಲೆ ತೋರಿಸುತ್ತೇವೆ. ಒಳ್ಳೆಯ ಆಟಗಾರನ ಎದುರು ಅದು ಸರಿ, ಅವನು ನನಗಿಂತ ಕೆಟ್ಟ ಕೈಯಲ್ಲಿ ಕಾಲ್ ಮಾಡುವುದಿಲ್ಲ. ಇವನು ನಾಲ್ಕರ ಜೋಡಿ ಹಿಡಿದು ಮಾಡುತ್ತಾನೆ. ಬರೀ ಎಕ್ಕ ಇಟ್ಟುಕೊಂಡೂ ಮಾಡುತ್ತಾನೆ. ಅಲ್ಲೊಂದು ಸಣ್ಣ ಬೆಟ್ ಹಾಕದೆ ಬಿಟ್ಟರೆ ಮೇಜಿನ ಮೇಲೆ ಚಿಪ್ ಬಿಟ್ಟು ಎದ್ದ ಹಾಗೆ. ತಿಂಗಳ ಲೆಕ್ಕದಲ್ಲಿ ನನ್ನ ಆಟವನ್ನು ಮೇಲೆತ್ತಿದ್ದು ಜೋಡಿ ಎಕ್ಕಗಳಲ್ಲ, ಈ ಸಣ್ಣ ಬೆಟ್‌ಗಳು.

ಸಣ್ಣ ಜೋಡಿಗಳು, ಎಕ್ಕದ ಜೊತೆ ಅದೇ ಜಾತಿಯ ಸಣ್ಣ ಎಲೆ, ಇವುಗಳ ಬೆಲೆ ಇಂಥ ಮೇಜಿನಲ್ಲಿ ಏರುತ್ತದೆ. ಸಣ್ಣ ಜೋಡಿಗೆ ಫ್ಲಾಪ್‌ನಲ್ಲಿ ಮೂರನೆಯದು ಸಿಗುವುದು ಎಂಟೂವರೆ ಸಲಕ್ಕೆ ಒಮ್ಮೆ. ಸಿಕ್ಕಾಗ ಇವರು ಪೂರ್ತಿ ಸ್ಟ್ಯಾಕ್, ಅಂದರೆ ತಮ್ಮ ಮುಂದಿರುವ ಚಿಪ್ ಎಲ್ಲ, ಕೊಡುತ್ತಾರೆ. ಅಷ್ಟು ಸಾಕು.

ಈಗ ಕಾಲ್ ಮಾಡುವವನು ಒಂದು ದಿನ ಏರಿಸುತ್ತಾನೆ. ಇದನ್ನು ಕಲಿಯಲು ನಾನು ಕೊಟ್ಟಷ್ಟು ಚಿಪ್ ಬೇರೆ ಯಾವುದಕ್ಕೂ ಕೊಟ್ಟಿಲ್ಲ. ನನ್ನ ಹತ್ತಿರ ಜೋಡಿ ರಾಣಿ. ಮೇಜಿನಲ್ಲಿ ಹತ್ತು, ಎಂಟು, ಮೂರು, ಐದು. ಅವನು ಫ್ಲಾಪ್‌ನಲ್ಲಿ ಕಾಲ್, ಟರ್ನ್‌ನಲ್ಲಿ ಕಾಲ್. ರಿವರ್‌ನಲ್ಲಿ ಇನ್ನೊಂದು ಎಂಟು. ನಾನು ಬೆಟ್ ಮಾಡಿದೆ. ಅವನು ಎರಡೂವರೆ ಪಟ್ಟು ಏರಿಸಿದ. ನನ್ನ ತಲೆ ಏನು ಹೇಳಿತು ಗೊತ್ತಾ? "ಇವನು ಏನು ಬೇಕಾದರೂ ಹಿಡಿದು ಏನು ಬೇಕಾದರೂ ಮಾಡುವವನು, ನೋಡಿಯೇ ಬಿಡೋಣ." ಇಲ್ಲ. ಅವನು ಏನು ಬೇಕಾದರೂ ಹಿಡಿದು ಕಾಲ್ ಮಾಡುವವನು. ಏರಿಸುವವನಲ್ಲ. ಮುನ್ನೂರು ಕೈಯಲ್ಲಿ ಅವನು ರಿವರ್‌ನಲ್ಲಿ ಏರಿಸಿದ್ದು ಅದೇ ಮೊದಲು, ನನ್ನ ಟಿಪ್ಪಣಿಯಲ್ಲೇ ಅದು ಇತ್ತು. ನಾನು ಕಾಲ್ ಮಾಡಿದೆ. ಅವನು ಎಂಟು ತೋರಿಸಿದ. ಇಡೀ ರಾತ್ರಿ ಬಾಯಿ ಬಿಡದ ಮನುಷ್ಯ ಒಂದೇ ಒಂದು ಮಾತು ಆಡಿದ್ದ, ಅದೂ ಸತ್ಯ. ಕಿವಿ ಇಲ್ಲದವನು ಅವತ್ತು ನಾನಾಗಿದ್ದೆ.

ಇವರಲ್ಲದೆ ಇನ್ನೊಂದು ಪೈಕಿ ಇದ್ದಾರೆ. ಕಾಲ್ ಅಲ್ಲ, ಎಲ್ಲವನ್ನೂ ಏರಿಸುವವರು. ಮೇನಿಯಾಕ್ ಅನ್ನುತ್ತಾರೆ. ಎಲೆ ಬರುವ ಮುಂಚೆಯೇ ಬೆರಳು ಏರಿಸುವ ಗುಂಡಿಯ ಮೇಲೆ ಇರುತ್ತದೆ. ಇವರ ಜೊತೆ ಮೇಲೆ ಹೇಳಿದ ಬುದ್ಧಿಯೆಲ್ಲ ಉಲ್ಟಾ. ಇಲ್ಲಿ ಬೆಟ್ ಮಾಡಬೇಕಾಗಿಯೇ ಇಲ್ಲ, ಅವರೇ ಮಾಡುತ್ತಾರೆ. ಚೆಕ್ ಮಾಡಿ, ಕಾಲ್ ಮಾಡಿ, ಎರಡನೇ ಜೋಡಿಯನ್ನೂ ಗಟ್ಟಿಯಾಗಿ ಹಿಡಿದು ಕೊನೆವರೆಗೆ ಹೋಗಬೇಕು. ಆಗುವುದಾದರೆ ಅವರ ಎಡಗಡೆಯ ಕುರ್ಚಿ ಹಿಡಿಯಬೇಕು. ಆಟ ಎಡಕ್ಕೆ ತಿರುಗುವುದರಿಂದ ಅವರು ಮೊದಲು ಮಾಡುತ್ತಾರೆ, ನಾನು ನೋಡಿ ಮಾಡುತ್ತೇನೆ. ಬಲಗಡೆ ಕೂತರೆ ನಾನು ಅಗ್ಗವಾಗಿ ಒಳಗೆ ಬಂದಾಗಲೆಲ್ಲ ಹಿಂದಿನಿಂದ ಸುತ್ತಿಗೆ ಬೀಳುತ್ತದೆ. ಮೇನಿಯಾಕ್ ಎದುರು ಕಷ್ಟ ಆಟದ್ದಲ್ಲ, ಹೊಟ್ಟೆಯದು. ಒಂದು ಗಂಟೆಯಲ್ಲಿ ಮೂರು ಸ್ಟ್ಯಾಕ್ ಹೋಗಬಹುದು, ಮೂರು ಬರಬಹುದು. ನನಗೆ ಅದು ಒಗ್ಗುವುದಿಲ್ಲ. ಮೇಜು ಬದಲಾಯಿಸುತ್ತೇನೆ. ಇದನ್ನು ಹೇಡಿತನ ಅನ್ನುವವರಿದ್ದಾರೆ. ಇರಲಿ.

ಇಷ್ಟೆಲ್ಲ ಗೊತ್ತಾದ ಮೇಲೂ ನನ್ನೊಳಗೆ ಒಬ್ಬ ವಾದಿಸುತ್ತಿದ್ದ. ಕಂಪ್ಯೂಟರ್‌ಗಳು ಹೇಗೆ ಆಡುತ್ತವೋ ಹಾಗೆ ಆಡಿದರೆ ಯಾರ ಎದುರಾದರೂ ಸರಿ ಅಲ್ವಾ? 2017ರ ಜನವರಿಯಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಅನ್ನುವ ಪ್ರೋಗ್ರಾಮ್ ನಾಲ್ಕು ಜನ ವೃತ್ತಿಪರರ ಜೊತೆ 1,20,000 ಕೈ ಆಡಿ ಗೆದ್ದಿತು. 2019ರಲ್ಲಿ ಪ್ಲೂರಿಬಸ್ ಆರು ಜನರ ಮೇಜಿನಲ್ಲೂ ಗೆದ್ದಿತು. ಇವು ಹುಡುಕುವುದು ಎಡವದ ಆಟವನ್ನು. ಎಷ್ಟು ಸಲ ಬ್ಲಫ್, ಎಷ್ಟು ಸಲ ನಿಜ, ತೂಕ ಹಾಕಿದ ಹಾಗೆ. ನಾನೂ ಅಂಥ ಕೋಷ್ಟಕಗಳನ್ನು ಕಂಠಪಾಠ ಮಾಡಿದ್ದೆ. ಕಲ್ಲು-ಕಾಗದ-ಕತ್ತರಿ ಆಟ ನೆನಪಿಸಿಕೊಳ್ಳಿ. ಎಡವದ ಆಟ ಅಂದರೆ ಮೂರನ್ನೂ ಸಮನಾಗಿ, ಯಾವ ಕ್ರಮವೂ ಇಲ್ಲದೆ ಹಾಕುವುದು. ಯಾರೂ ನಿಮ್ಮನ್ನು ಸೋಲಿಸಲಾರರು. ಈಗ ಎದುರಿಗೆ ಯಾವಾಗಲೂ ಕಲ್ಲನ್ನೇ ಹಾಕುವವನು ಬಂದ. ನೀವು ಸಮನಾಗಿಯೇ ಹಾಕುತ್ತಾ ಹೋದರೆ ಮೂರರಲ್ಲಿ ಒಂದು ಗೆಲುವು, ಒಂದು ಸೋಲು, ಒಂದು ಸಮ. ಅವನು ದಿನವಿಡೀ ಕಲ್ಲು ಹಿಡಿದು ಕೂತಿದ್ದರೂ ನಿಮಗೆ ಸಿಗುವುದು ಸೊನ್ನೆ. ಕಾಗದ ಹಾಕಲು ಕಲಿತವನಿಗೆ ಎಲ್ಲ ಸಲವೂ ಗೆಲುವು. ಪೋಕರ್‌ನಲ್ಲಿ ಎಡವದ ಆಟಕ್ಕೆ ಸೊನ್ನೆಗಿಂತ ಜಾಸ್ತಿಯೇ ಸಿಗುತ್ತದೆ, ಎದುರಿನವನ ತಪ್ಪುಗಳಲ್ಲಿ ಕೆಲವು ತಾವಾಗಿಯೇ ನಮ್ಮ ಕಡೆ ಬೀಳುತ್ತವೆ. ಆದರೆ ಅವನು ಕೊಡಲು ತಂದದ್ದರಲ್ಲಿ ಅರ್ಧ ಅಲ್ಲೇ ಉಳಿಯುತ್ತದೆ.

ಕಾಗದ ಹಾಕುವವನಿಗೆ ಒಂದು ಭಯ ಇದ್ದೇ ಇದೆ. ಎದುರಿನವನು ಯಾವತ್ತಾದರೂ ಕತ್ತರಿ ತೆಗೆದರೆ? ಅದಕ್ಕೇ ನೋಡುತ್ತಾ ಇರಬೇಕು.

ಇನ್ನು ಟಿಲ್ಟ್, ಅಂದರೆ ಸೋತ ಸಿಟ್ಟಿನಲ್ಲಿ ಹದ ತಪ್ಪಿ ಆಡುವುದು. ಈ ಪದ ಬಂದದ್ದು ಪಿನ್‌ಬಾಲ್ ಯಂತ್ರಗಳಿಂದ. ಚೆಂಡು ಬೇಕಾದ ಕಡೆ ಹೋಗಲಿ ಅಂತ ಯಂತ್ರವನ್ನು ಹಿಡಿದು ಅಲ್ಲಾಡಿಸಿದರೆ ಟಿಲ್ಟ್ ಅಂತ ದೀಪ ಹೊತ್ತಿ ಆಟ ನಿಂತುಹೋಗುತ್ತಿತ್ತು. ಪೋಕರ್‌ನಲ್ಲಿ ದೀಪವೂ ಹೊತ್ತುವುದಿಲ್ಲ, ಆಟವೂ ನಿಲ್ಲುವುದಿಲ್ಲ. ಅದೇ ತೊಂದರೆ.

ಒಂಬತ್ತು-ಆರು ನೋಡಿದ ಆ ರಾತ್ರಿಯ ನನ್ನದೇ ಆಟವನ್ನು ಆಮೇಲೆ ತೆಗೆದು ನೋಡಿದೆ. ಆ ಕೈಗೆ ಮುಂಚೆ ನಾನು ಆಡುತ್ತಿದ್ದದ್ದು ನೂರಕ್ಕೆ ಇಪ್ಪತ್ತೆರಡು. ಆ ಕೈಯ ನಂತರದ ಒಂದು ಗಂಟೆಯಲ್ಲಿ ನಲವತ್ತೇಳು. ರಾಣಿ-ಮೂರು ಆಡಿದ್ದೇನೆ. ಹತ್ತು-ನಾಲ್ಕು ಹಿಡಿದು ಏರಿಸಿದ್ದೇನೆ. ಅವನನ್ನು ಸೋಲಿಸಬೇಕು ಅಂತ ಅವನು ಒಳಗೆ ಬಂದಾಗಲೆಲ್ಲ ನಾನೂ ಬಂದಿದ್ದೇನೆ. ಆ ಗಂಟೆಯಲ್ಲಿ ಮೇಜಿಗೆ ಹೊಸದಾಗಿ ಬಂದು ಕೂತವರು ಯಾರಾದರೂ ಟಿಪ್ಪಣಿ ಬರೆಯುತ್ತಿದ್ದರೆ ನನ್ನ ಹೆಸರಿನ ಮುಂದೆ ಏನು ಬರೆದಿರಬಹುದು? ಏನು ಮಾಡ್ತಾನೋ ಹೇಳೋಕಾಗಲ್ಲ ಅಂತಲೇ ಇರಬೇಕು.

ಒಬ್ಬ ಆಟಗಾರ ಸ್ವಭಾವದಿಂದ ಸಡಿಲ, ಇನ್ನೊಬ್ಬ ಹತ್ತು ನಿಮಿಷದ ಹಿಂದೆ ಸೋತು ಸಡಿಲ. ಪರದೆಯ ಮೇಲೆ ಇಬ್ಬರೂ ಒಂದೇ ತರಹ ಕಾಣುತ್ತಾರೆ. ಮೂರನೆಯವನು ಬಸ್ಸಿಗೆ ಕಾಯುತ್ತಾ ಆಡುತ್ತಿರಬಹುದು. ನಾಲ್ಕನೆಯವನಿಗೆ ಇವತ್ತೇ ನಿಯಮ ಗೊತ್ತಾಗಿರಬಹುದು. ಅವನೋ ಅವಳೋ ಅನ್ನುವುದೂ ಗೊತ್ತಿಲ್ಲ, ನಾನು ಬರೆಯಲು ಸುಲಭ ಅಂತ ಅವನು ಅನ್ನುತ್ತಿದ್ದೇನೆ. ಅವರು ಬಂದದ್ದು ಅವರ ಆಟ ಆಡಲು. ನನ್ನ ಕಥೆ ಕೇಳುತ್ತೇವೆ ಅಂತ ಯಾರೂ ಮಾತು ಕೊಟ್ಟಿರಲಿಲ್ಲ.

ಸರಿಯಾಗಿ ಆಡಿದರೆ ಗೆಲ್ಲುತ್ತೇನೆ ಅನ್ನುವವರಿಗೆ ಇನ್ನೊಂದು ಕಹಿ ಲೆಕ್ಕ. ನೂರು ಕೈಗೆ 5 ಬಿಗ್ ಬ್ಲೈಂಡ್ ಗೆಲ್ಲುವವನು ಒಳ್ಳೆಯ ಆಟಗಾರ. ಆ ನೂರು ಕೈಯಲ್ಲಿ ಏರಿಳಿತ, ಲೆಕ್ಕದವರ ಭಾಷೆಯಲ್ಲಿ ಸ್ಟ್ಯಾಂಡರ್ಡ್ ಡೀವಿಯೇಶನ್, 90 ಅಂತ ಇಟ್ಟುಕೊಳ್ಳೋಣ. ಅದು ಅತಿಯೇನಲ್ಲ, ಸಡಿಲ ಮೇಜಿನಲ್ಲಿ ಇನ್ನೂ ಜಾಸ್ತಿ ಇರುತ್ತದೆ. ಈ ಮನುಷ್ಯ 10,000 ಕೈ ಆಡಿದರೆ 500 ಗೆಲ್ಲಬೇಕು. ಆದರೆ ಏರಿಳಿತ 900. ಲೆಕ್ಕ ಹಾಕಿದರೆ, ಅಷ್ಟು ಆಡಿದ ಮೇಲೂ ಅವನು ನಷ್ಟದಲ್ಲಿರುವ ಸಾಧ್ಯತೆ ನೂರಕ್ಕೆ 29ರ ಹತ್ತಿರ. ಒಂದೇ ಮೇಜಿನಲ್ಲಿ ದಿನಕ್ಕೆ ಎರಡು ಗಂಟೆ ಆಡುವವನಿಗೆ 10,000 ಕೈ ಅಂದರೆ ಎಪ್ಪತ್ತು ದಿನ. ಎಪ್ಪತ್ತು ದಿನ ಚೆನ್ನಾಗಿ ಆಡಿ ಸೋತಿರಬಹುದು. ಒಂದು ರಾತ್ರಿಯ ಒಂಬತ್ತು-ಆರು ಯಾವ ಲೆಕ್ಕ? ದುಡ್ಡಿನ ಮೇಜಾದರೆ ನಡೆಸುವವರು ಪ್ರತಿ ಪಾಟ್‌ನಿಂದ ತೆಗೆಯುವ ರೇಕ್ ಬೇರೆ, ಈ 5ರಲ್ಲಿ ಎಷ್ಟು ಉಳಿಯುತ್ತದೋ ಅಷ್ಟು. ನಾನು ಉಚಿತ ಮೇಜು ಬಿಟ್ಟು ಏಳದಿರುವುದಕ್ಕೆ ಇದೂ ಒಂದು ಕಾರಣ.

ಈಗ ನನ್ನ ಅಭ್ಯಾಸ ಕೆಲವು ಬದಲಾಗಿದೆ. ಚಾಟ್ ಮುಚ್ಚಿಡುತ್ತೇನೆ. ಎರಡು ಸ್ಟ್ಯಾಕ್ ಹೋದರೆ ಏಳುತ್ತೇನೆ, ಹತ್ತರಲ್ಲಿ ಏಳು ಸಲವಾದರೂ. ಸಿಟ್ಟು ಬರುವುದು ನಿಂತಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ.

ಹೋದ ವಾರ ಆ ಒಂಬತ್ತು-ಆರರವನು ಮತ್ತೆ ಸಿಕ್ಕಿದ. ಅದೇ ಹೆಸರು, ಅದೇ ಚಿತ್ರ. ನನ್ನ ಬಲಗಡೆ ಬಂದು ಕೂತ. ಟಿಪ್ಪಣಿ ತೆರೆದೆ: "ಜೋಡಿ ಇದ್ದರೆ ಎಸೆಯುವುದಿಲ್ಲ. ಬ್ಲಫ್ ಬೇಡ." ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ನನಗೆ ಜೋಡಿ ಏಳು ಬಂತು. ಫ್ಲಾಪ್‌ನಲ್ಲಿ ಎಕ್ಕ, ಏಳು, ನಾಲ್ಕು. ಅವನು ಚೆಕ್, ನಾನು ಮುಕ್ಕಾಲು ಪಾಟ್, ಅವನು ತಕ್ಷಣ ಕಾಲ್. ಟರ್ನ್‌ನಲ್ಲಿ ಇನ್ನೊಂದು ನಾಲ್ಕು. ನನ್ನದು ಫುಲ್ ಹೌಸ್: ಮೂರು ಏಳು, ಎರಡು ನಾಲ್ಕು. ಮತ್ತೆ ಮುಕ್ಕಾಲು ಪಾಟ್, ಮತ್ತೆ ತಕ್ಷಣ ಕಾಲ್. ರಿವರ್‌ನಲ್ಲಿ ಎರಡು. ಇವನಿಗೆ ಎಕ್ಕ ಇದೆ ಅಂದುಕೊಂಡೆ. ಇವತ್ತು ಕಥೆಯಿಲ್ಲ, ಉಪಾಯವಿಲ್ಲ, ಶುದ್ಧ ಸತ್ಯ. ಉಳಿದದ್ದನ್ನೆಲ್ಲ ಹಾಕುವ ಆಲ್-ಇನ್ ಒತ್ತಿದೆ.

ಅವನ ಸಮಯ ಓಡತೊಡಗಿತು. ಹತ್ತು ಸೆಕೆಂಡು. ಹದಿನೈದು. ಇವನು ಯೋಚಿಸುವುದನ್ನು ನಾನು ಯಾವತ್ತೂ ನೋಡಿರಲಿಲ್ಲ. ಗಡಿಯಾರ ಕೆಂಪಾಯಿತು. ಎಲೆ ಎಸೆದ.

ಮುಚ್ಚಿಟ್ಟಿದ್ದ ಚಾಟ್ ತೆರೆದು ಕೇಳಿದೆ: "ಏನಿತ್ತು?"

ಅದೇ ನಗುವ ಮುಖ ಬಂತು.